ಅಲಗಿನಲ್ಲಿ ಕಂಡ ಮುಖ

“ಇದು ನಮ್ಮ ಅತ್ತಿಗಿ,” ಅಂದಳು ಶಿವಬಸಮ್ಮ.

ನನ್ನ ಕೈಯಲ್ಲಿದ್ದ ಕಪ್ಪು ಬಟ್ಟೆ ಜಾರಿತು. ಹಾಡುಹಗಲು. ನನ್ನ ಪಟದಂಗಡಿಯ ಹೊರಗೆ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಹತ್ತಿಯ ಬಂಡಿಗಳು ಕಿರುಗುಟ್ಟುತ್ತಿದ್ದವು. ಬಂಡಿಯವನೊಬ್ಬ ಎತ್ತಿನ ಜತೆಗೆ ಎತ್ತಿನ ವಂಶವನ್ನೂ ಬಯ್ಯುತ್ತಿದ್ದ. ಅಷ್ಟು ಗದ್ದಲದ ನಡುವೆಯೂ ನನ್ನ ತೋಳಿನ ರೋಮ ಎದ್ದು ನಿಂತವು.

“ಯಾವ ಅತ್ತಿಗಿರಿ?”

“ನನಗೆಷ್ಟು ಮಂದಿ ಅತ್ತಿಗೇರು? ವೀರಭದ್ರಮ್ಮ. ಹೋದ ವರ್ಷ ಹೊಳಿ ಪಾಲಾದಾಕಿ. ಹೆಣ ಸೈತ ಸಿಗಲಿಲ್ಲಲ್ಲ, ಸ್ವಾಮಿ. ಮಣ್ಣು ಕಾಣದ ಜೀವ. ಅದಕ್ಕ ಬಂದು ನಿಂತಾಳ.”

ಶಿವಬಸಮ್ಮ ಸಿರುಗುಪ್ಪದ ಚಿದಾನಂದಪ್ಪನ ತಂಗಿ. ಸಣ್ಣ ವಯಸ್ಸಿಗೇ ಗಂಡ ಸತ್ತು ಅಣ್ಣನ ಮನೆ ಸೇರಿದವಳು. ಆ ಅಣ್ಣನನ್ನು ಅವನ ಮನೆಯ ಒಳಕೋಣೆಯಲ್ಲೇ ಚೂರಿ ಹಾಕಿ ಕೊಂದಿದ್ದರು. ಆ ಚೂರಿ ಮಾಡಿಕೊಟ್ಟ ಕಮ್ಮಾರ, ಕುರುಗೋಡಿನ ಉಸ್ಮಾನಸಾಬ್, ಬಳ್ಳಾರಿಯ ಜೇಲಿನಲ್ಲಿ ಬಾಯಿ ಬಿಡದೆ ಕೂತಿದ್ದ. ಸೋಮವಾರ ಕೋರ್ಟು. ಅವನ ಕೊರಳಿಗೆ ಹಗ್ಗ ಬೀಳುವುದೇ ಸೈ ಎಂದು ಪೇಟೆಯ ಮಂದಿ ಆಗಲೇ ತೀರ್ಪು ಕೊಟ್ಟಾಗಿತ್ತು.

ಅಣ್ಣ ತೆಗೆಸಿದ್ದ ಪಟ ಕೇಳಿಕೊಂಡು ಬಂದ ಆಕೆಯ ಕೈಯಲ್ಲಿದ್ದ ಪಟವನ್ನು ನಾನು ಮತ್ತೊಮ್ಮೆ ಬಗ್ಗಿ ನೋಡಿದೆ. ನೋಡಬಾರದು ಎಂದುಕೊಂಡೇ ನೋಡಿದೆ. ಕಪ್ಪು ಬಟ್ಟೆಯ ಮೇಲೆ ಒಂದು ಅಗಲ ಅಲಗಿನ ಚೂರಿ. ಅಲಗು ಕನ್ನಡಿಯಷ್ಟು ನುಣುಪು. ಆ ಅಲಗಿನೊಳಗೆ ಒಂದು ಕರ್ರಗಿನ ಮುಖ. ಮೂಗಿಲ್ಲ, ತುಟಿಯಿಲ್ಲ, ಎಲ್ಲ ಮಸಿ. ಎರಡು ಕಣ್ಣು ಮಾತ್ರ ಬೆಳ್ಳಗೆ ತೆರೆದು ನನ್ನನ್ನೇ ನೋಡುತ್ತಿದ್ದವು.

“ಜಲ್ದಿ ನೋಡ್ರಿ ತಾಯಿ, ಬೆಳಕು ತಾಗಿದ್ರ ಕಾಗದ ಕೆಡತೈತಿ,” ಎಂದೆ.

ಇದು ಸುಳ್ಳಲ್ಲ. ಮದ್ರಾಸಿನಿಂದ ರೈಲಿನಲ್ಲಿ ಬರಬೇಕಾದ ಹೈಪೋ ಉಪ್ಪು ಬಂದಿರಲಿಲ್ಲ. ಇದ್ದದ್ದರಲ್ಲಿ ಮೂಲ ಚಿತ್ರ ಮೂಡಿದ ಗಾಜಿನ ಫಲಕವನ್ನೇನೋ ಗಟ್ಟಿ ಮಾಡಿದ್ದೆ, ಕಾಗದಕ್ಕೆ ಉಳಿದಿರಲಿಲ್ಲ. ಹೈಪೋ ಕಾಣದ ಕಾಗದ ಬೆಳಕಿಗೆ ಬಂದರೆ ಬದನೆಕಾಯಿ ಬಣ್ಣಕ್ಕೆ ತಿರುಗಿ, ಮೇಲಿನ ಚಿತ್ರವೆಲ್ಲ ಮುಳುಗಿಹೋಗುತ್ತದೆ. ಅದಕ್ಕೇ ಕಿಟಕಿಗೆಲ್ಲ ಪರದೆ ಇಳಿಬಿಟ್ಟು ತೋರಿಸುತ್ತಿದ್ದೆ. ಒಳಗೆ ಗಾಳಿಯಿಲ್ಲದೆ ಒಲೆಯ ಬಾಯಲ್ಲಿ ಕೂತ ಹಾಗಿತ್ತು. ಶಿವಬಸಮ್ಮ ಸೆರಗಿನೊಳಗೆ ಕೈ ಹಾಕಿ ಕೊರಳ ಬೆವರು ಒರೆಸಿಕೊಂಡು, ಅದೇ ಕೈಯಲ್ಲಿ ಕಾಗದ ಹಿಡಿದು ಮತ್ತೆ ನೋಡಿದಳು.

ಈ ಚೂರಿಗಳ ಸಹವಾಸವೇ ಬೇಡವಾಗಿತ್ತು ನನಗೆ. ಮನುಷ್ಯರ ಪಟ ತೆಗೆಯುವುದು ಸುಲಭ. ಗದರಿಸಿದರೆ ಅಲುಗಾಡದೆ ಕೂರುತ್ತಾರೆ. ಚೂರಿಗೆ ನಾಚಿಕೆಯಿಲ್ಲ. ಎದುರಿಗಿದ್ದದ್ದನ್ನೆಲ್ಲ ತನ್ನ ಮೈಮೇಲೆ ತೋರಿಸಿಬಿಡುತ್ತದೆ. ಕ್ಯಾಮರಾ, ಕ್ಯಾಮರಾದ ಕಾಲು, ನನ್ನ ರುಮಾಲು, ಹಿಂದಿನ ಬೇವಿನ ಮರ ಎಲ್ಲವೂ ಅಲಗಿನಲ್ಲಿ ಕೂತಿರುತ್ತವೆ. ಅದಕ್ಕೆ ನನ್ನದೊಂದು ಉಪಾಯವಿದೆ. ಹಲಕುಂದಿ ಮಠದ ವಿಭೂತಿಯನ್ನು ತೆಳ್ಳಗೆ ಸವರಿಬಿಡುತ್ತೇನೆ. ಹೊಳಪು ಸಾಯುತ್ತದೆ, ಅಲಗಿನ ಗೆರೆ ಮಾತ್ರ ನಿಲ್ಲುತ್ತದೆ.

ಚಿದಾನಂದಪ್ಪನಿಗೆ ಚೂರಿಯ ಹುಚ್ಚು. ಒಂದೊಂದನ್ನೂ ಉಸ್ಮಾನಸಾಬನಿಂದ ತನ್ನ ಕೈಗೆಂದೇ ಮಾಡಿಸಿದ್ದ. ಅವುಗಳ ಪಟ ತೆಗೆಸಿ ಮದ್ರಾಸಿನ ಪ್ರದರ್ಶನಕ್ಕೆ ಕಳಿಸಬೇಕೆಂದು ನನ್ನನ್ನು ಸಿರುಗುಪ್ಪಕ್ಕೆ ಕರೆಸಿದ. ಅವನ ಮನೆಯ ಅಂಗಳದಲ್ಲಿ ಎಲ್ಲ ಚೂರಿಗಳಿಗೂ ವಿಭೂತಿ ಸವರಿ ಪಟ ತೆಗೆದೆ. ಕೊನೆಯದು ಅಂದೇ ಉಸ್ಮಾನಸಾಬ್ ತಂದಿದ್ದ ಹೊಸದು. ಅದಕ್ಕೆ ಕೈ ಹಾಕುತ್ತಲೇ ಅವನು ತಡೆದ.

“ಅದಕ್ಕ ಏನೂ ಹಚ್ಚಬ್ಯಾಡ್ರಿ ಸ್ವಾಮಿ. ಅದಿನ್ನಾ ನಿಂಬಿಹಣ್ಣು ಕಂಡಿಲ್ಲ.”

ಅವನ ಕಸುಬಿನ ಕಟ್ಟು ಅದು. ಧಣಿ ತನ್ನ ಕೈಯಾರೆ ನಿಂಬೆಹಣ್ಣು ಕೊಯ್ಯುವ ತನಕ ಹೊಸ ಅಲಗಿಗೆ ಬೇರೆ ಏನೂ ತಾಗಬಾರದು. ಚೂರಿಯನ್ನು ಕೈಯಿಂದ ಕೈಗೆ ಕೊಡಲೂಬಾರದು. ನೆಲಕ್ಕಿಟ್ಟರೆ ತೆಗೆದುಕೊಂಡವನು ಅದರ ಒಡೆಯ. ಚಿದಾನಂದಪ್ಪ ನಕ್ಕು, “ಹಂಗ ತಗೀರಿ, ಮೊದಲು ಪಟ, ಆಮ್ಯಾಲೆ ನಿಂಬಿಹಣ್ಣು,” ಅಂದ. ಬೇರೆ ದಾರಿಯಿಲ್ಲದೆ ಅಲಗನ್ನು ಓರೆಯಾಗಿಟ್ಟು, ನನ್ನ ಬೆನ್ನ ಹಿಂದಿನ ಗೋಡೆ ಮಾತ್ರ ಕಾಣುವ ಹಾಗೆ ಮಾಡಿ ಕ್ಯಾಮರಾದ ಮುಚ್ಚಳ ತೆಗೆದೆ. ಆ ಗೋಡೆಯಲ್ಲಿ ಒಳಮನೆಯ ಒಂದು ಕಿಂಡಿಯಿತ್ತು. ಯಾರು ಅಲ್ಲಿ ನಿಂತಿದ್ದರೆಂದು ನಾನು ತಿರುಗಿ ನೋಡಿರಲಿಲ್ಲ. ನಿಂತವರು ಮುಚ್ಚಳ ಹಾಕುವ ತನಕ ಅಲುಗಾಡಿರಲಿಲ್ಲ. ಅಲುಗಾಡಿದ್ದರೆ ಮುಖ ಮೂಡುತ್ತಲೇ ಇರಲಿಲ್ಲ.

ಆಮೇಲೆ ಚಿದಾನಂದಪ್ಪ ನಿಂಬೆಹಣ್ಣು ಕೊಯ್ಯಲು ಎದ್ದ. ಚೂರಿ ಹಿಡಿದು ಒಳಗೆ ಹೋದ. ನಾನು ಗಾಜುಗಳನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದಾಗ ಒಳಗಿಂದ ಶಿವಬಸಮ್ಮನ ಕೂಗು ಕೇಳಿತು. ಹೋಗಿ ನೋಡಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಶಿವಬಸಮ್ಮ, ಧಣಿ ನೆಲದ ಮೇಲೆ, ಪಕ್ಕದಲ್ಲಿ ನನಗಿಂತ ಮೊದಲೇ ಬಂದು ಮಂಡಿಯೂರಿದ ಉಸ್ಮಾನಸಾಬ್, ಅವನ ಕೈ ಚೂರಿಯ ಹಿಡಿಕೆಯ ಮೇಲೆ.

“ಸ್ವಾಮಿ,” ಅಂದಳು ಶಿವಬಸಮ್ಮ ಈಗ, “ಆ ಗಾಜು ನನಗ ಕೊಡ್ರಿ. ಮನ್ಯಾಗ ಇಟ್ಟು ದೀಪ ಹಚ್ಚತೀನಿ. ಅಮಾವಾಸಿ ದಿನ ಹೊಳಿಗೆ ಬಿಟ್ಟು ಬರತೀನಿ. ಆಕಿ ಹೋದ ನೀರಿಗೇ ಹೋಗಲಿ. ಇಲ್ಲಿಟ್ಟುಕೊಂಡ್ರ ನಿಮಗೂ ಛಲೋ ಅಲ್ಲ.”

ನನಗೂ ಛಲೋ ಅಲ್ಲ ಎಂಬ ಮಾತು ನನ್ನ ಎದೆಗೇ ನಾಟಿತು. ಆ ಗಾಜನ್ನು ತೊಳೆದ ದಿನದಿಂದ ನನಗೆ ಅನ್ನ ಗಂಟಲಿನಲ್ಲಿ ಇಳಿದಿರಲಿಲ್ಲ. ಕನ್ನಡಿ ನೋಡಿಕೊಳ್ಳುವುದನ್ನೂ ಬಿಟ್ಟಿದ್ದೆ. ಸತ್ತವಳ ಮುಖವನ್ನು ಯಾವ ಕೋರ್ಟು ಸಾಕ್ಷಿಗೆ ಕರೆಯುತ್ತದೆ? ಗಾಜನ್ನು ಹತ್ತಿಯಲ್ಲಿಟ್ಟು ಬಟ್ಟೆ ಸುತ್ತಿ, ಒಡೆಯದ ಹಾಗೆ ಜೋಪಾನ ಎಂದು ಹೇಳಿ ಆಕೆಯ ಕೈಗೆ ಕೊಟ್ಟೆ. ಆಕೆ ಹೊರಟ ಮೇಲೆ ಬಾಗಿಲಿಗೆ ವಿಭೂತಿ ಎಳೆದೆ.

ಕಾಗದವನ್ನು ಕಪ್ಪು ಬಟ್ಟೆಯಲ್ಲಿ ಸುತ್ತುವಾಗ ಅದರ ಹಿಂಬದಿಯಲ್ಲಿ ಹಳದಿ ಬೆರಳಚ್ಚೊಂದು ಕಂಡಿತು. ನಮ್ಮ ಕಸುಬಿನ ಔಷಧಿಗಳು ಬೆರಳನ್ನೂ ಕಾಗದವನ್ನೂ ಹಳದಿ ಮಾಡುವುದು ಮಾಮೂಲು. ಕೈ ತೊಳೆಯದೆ ಕೆಲಸ ಮಾಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

*

ಮರಿಬಸಪ್ಪ ಬಂದದ್ದು ಹೊತ್ತು ಇಳಿಯುವ ಮುಂಚೆ. ಪೊಲೀಸಿನಲ್ಲಿ ಜಮಾದಾರನಾಗಿದ್ದು ಪಿಂಚಣಿ ಪಡೆದ ಮನುಷ್ಯ. ಬಾಯಲ್ಲಿ ಸದಾ ಎಲೆ ಅಡಿಕೆ, ಸೊಂಟದಲ್ಲಿ ಸುಣ್ಣದ ಡಬ್ಬಿ. ಉಸ್ಮಾನಸಾಬನ ಹೆಂಡತಿ ಮಾಸುಮಾಬಿ ಬಂದು ಕಾಲಿಗೆ ಬಿದ್ದು ಅತ್ತದ್ದಕ್ಕೆ ಕೊಂದವರನ್ನು ಹುಡುಕುವ ಕೆಲಸ ಮೈಮೇಲೆ ಹಾಕಿಕೊಂಡಿದ್ದ. ನನ್ನ ಬಾಲ್ಯದ ಗೆಳೆಯ, ಹಾಗಾಗಿ ನನ್ನನ್ನು ಮನುಷ್ಯ ಎಂದು ಲೆಕ್ಕಕ್ಕೆ ಇಡುವುದಿಲ್ಲ.

ಪರದೆ ಇಳಿಸಿ ಪಟ ತೋರಿಸಿದೆ. ಸ್ವಲ್ಪ ಹೊತ್ತು ಅಗಿಯುವುದನ್ನೂ ನಿಲ್ಲಿಸಿ ನೋಡಿದ.

“ದೆವ್ವನಾ?”

“ಆಕಿ ಮಾರಿ ಗುರುತು ಹಿಡಿದು ಹೇಳ್ಯಾಳಪಾ, ಶಿವಬಸಮ್ಮ. ಅತ್ತಿಗಿ ಅಂತ.”

“ಮುಖ ಯಾಕ ಇಷ್ಟು ಕರ್ರಗೈತಿ? ಕಣ್ಣು ಬೆಳ್ಳಗದಾವಲ್ಲ.”

“ದೆವ್ವದ ಮುಖ ಮತ್ತ್ಯಾವ ಬಣ್ಣ ಇರತೈತಿ?”

ಮರಿಬಸಪ್ಪ ಬಾಯಲ್ಲಿದ್ದ ಎಲೆ ಉಗುಳಿದ. “ಲೇ, ನಮ್ಮ ಮನಿಯಾಕಿನ್ನ ನಿನ್ನ ಹತ್ರ ಪಟ ತೆಗಸಾಕ ಕರಕೊಂಡು ಬಂದಿದ್ದೆ. ನೆಪ್ಪೈತೇನು?”

ಮರೆಯುವ ಹಾಗಿದ್ದರೆ ಎಂದೋ ಮರೆಯುತ್ತಿದ್ದೆ. ಹೊಸ ಸೀರೆ ಉಟ್ಟು, ಮುಖಕ್ಕೆ ದಪ್ಪಗೆ ಅರಿಶಿಣ ಹಚ್ಚಿಕೊಂಡು ಬಂದಿದ್ದಳು ಆ ತಾಯಿ. ನಮ್ಮ ಗಾಜಿಗೆ ಹಳದಿ ಕಾಣುವುದಿಲ್ಲ, ಕೆಂಪೂ ಕಾಣುವುದಿಲ್ಲ. ಎರಡೂ ಕಪ್ಪಾಗಿಯೇ ಮೂಡುತ್ತವೆ. ಬಂಗಾರದಂಥ ಹೆಂಗಸು ಪಟದಲ್ಲಿ ಕಾವಲಿಯ ತಳದ ಹಾಗೆ ಬಂದಿದ್ದಳು. ಮರಿಬಸಪ್ಪ ಮನೆಯಲ್ಲಿ ಊಟ ಸಿಗದೆ ನನ್ನಲ್ಲಿಗೆ ಬಂದು ಉಂಡು ಹೋಗಿದ್ದ. ಅಂದಿನಿಂದ ಮುಖ ತೊಳೆಯದ ಹೆಂಗಸರ ಪಟವನ್ನು ನಾನು ತೆಗೆಯುವುದೇ ಇಲ್ಲ.

“ಅರಿಶಿಣ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

“ಅರಿಶಿಣ. ಕಿಂಡ್ಯಾಗ ನಿಂತಾಕಿ ಮುಖದ ತುಂಬ ಅರಿಶಿಣ ಹಚ್ಚಿಕೊಂಡಿದ್ಲು.”

“ಮುತ್ತೈದಿ ಸತ್ರ ಅರಿಶಿಣ ಹಚ್ಚೇ ಕಳಿಸ್ತಾರಲ್ಲೋ ಮತ್ತ.”

“ಕಳಿಸಾಕ ಹೆಣ ಎಲ್ಲಿ ಸಿಕ್ಕಿತ್ತು? ಒಂದು ವರ್ಷ ಹೊಳಿ ನೀರಾಗ ನೆಂದ ಮಾರಿಮ್ಯಾಲೆ ಅರಿಶಿಣ ಉಳೀತೈತೇನಲೇ? ಇಕಿ ಜೀವಂತ ಹೆಂಗಸು. ಗಂಡ ಇರೋ ಹೆಂಗಸು. ಆ ಮನ್ಯಾಗ ಹೆಣ್ಣಂತ ಇದ್ದಾಕಿ ಶಿವಬಸಮ್ಮ ಒಬ್ಬಾಕಿ, ಆಕಿ ವಿಧವೆ. ಅಂದ ಮ್ಯಾಲೆ ಹೊರಗಿಂದ ಬಂದಾಳ. ಶಿವಬಸಮ್ಮ ಅತ್ತಿಗೀನ ಅಂತ ಗುರುತು ಹಿಡಿದಾಳ ಅಂದ್ರ…”

“ವೀರಭದ್ರಮ್ಮ ಸತ್ತಿಲ್ಲ,” ಎಂದೆ.

ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸತ್ತಳೆಂದು ಊರೇ ನಂಬಿದ ಹೆಂಗಸು ಬದುಕಿದ್ದು, ಕಿಂಡಿಯಲ್ಲಿ ಉಸಿರು ಬಿಗಿಹಿಡಿದು ನನ್ನ ಬೆನ್ನನ್ನೇ ನೋಡುತ್ತ ನಿಂತಿದ್ದಳು ಎಂಬುದು ದೆವ್ವಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

“ಗಾಜು ತಗಿ. ಕೋರ್ಟಿಗೆ ಬೇಕು. ಈ ಕಾಗದ ಎಷ್ಟು ದಿನ ಉಳದೀತು?”

ಹೇಳಲೇಬೇಕಾಯಿತು. ಹೇಳಿದೆ. ಅವನು ಬೈದ ಬೈಗುಳವನ್ನು ಅಚ್ಚು ಹಾಕುವ ಹಾಗಿಲ್ಲ. ಆಮೇಲೆ ತಾನೇ ತಣ್ಣಗಾದ.

“ಹೋಗಲಿ. ಅಮಾವಾಸಿ ಭಾನುವಾರ. ಅಲ್ಲಿಮಟ ಗಾಜು ಆಕಿ ದೇವರ ಮುಂದ ಇರತೈತಿ. ದೆವ್ವಂತ ನಂಬಿದಾಕಿ ಜ್ವಾಪಾನ ಇಟ್ಟಿರತಾಳ. ಮೊದಲು ವೀರಭದ್ರಮ್ಮ ಎಲ್ಲಿ ಅದಾಳ ಗೊತ್ತಾಗಲಿ.”

*

ಮರುದಿನ ಕಂಟೋನ್ಮೆಂಟಿನ ಠಾಣೆಗೆ ನನ್ನನ್ನು ಕರೆಸಿದರು. ಕೊಲೆಗೆ ಬಳಸಿದ ಚೂರಿಯ ಪಟ ಕೋರ್ಟಿಗೆ ಬೇಕಂತೆ. ಮರಿಬಸಪ್ಪನೂ ಹಳೆಯ ಗುರುತಿನ ಮೇಲೆ ಒಳಗೆ ಬಂದ.

ಠಾಣೆಯ ಅಂಗಳದಲ್ಲಿ ಬಟ್ಟೆ ಹಾಸಿ ಚೂರಿಯನ್ನಿಟ್ಟರು. ಒಣಗಿದ ರಕ್ತ ತುದಿಯ ಕಡೆ ಕಂದಾಗಿತ್ತು, ಹಿಡಿಕೆಯ ಹತ್ತಿರ ಅಲಗು ಇನ್ನೂ ಹೊಳೆಯುತ್ತಿತ್ತು. ನಾನು ಬಗ್ಗಿದಾಗ ಅದರಲ್ಲಿ ನನ್ನ ರುಮಾಲು ಕಂಡಿತು, ನನ್ನ ಮೂಗು ಕಂಡಿತು. ನನ್ನ ಹೆಗಲ ಹಿಂದೆ ಇನ್ನೇನಾದರೂ ಕಾಣುತ್ತದೇನೋ ಎಂದು ಕಾದೆ. ಬಿಳಿ ಆಕಾಶ ಬಿಟ್ಟು ಏನೂ ಇರಲಿಲ್ಲ. ಆದರೂ ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ. ವಿಭೂತಿ ತೆಗೆದು ತೆಳ್ಳಗೆ ಸವರಿದೆ.

ಕಪ್ಪು ಮುಸುಕಿನೊಳಗೆ ತಲೆ ತೂರಿಸಿ ಕ್ಯಾಮರಾದ ಹಿಂಗಾಜು ನೋಡಿದೆ. ಅದರಲ್ಲಿ ಲೋಕವೆಲ್ಲ ತಲೆಕೆಳಗು. ಸಿರುಗುಪ್ಪದಲ್ಲಿ ಇಟ್ಟಷ್ಟೇ ದೂರಕ್ಕೆ ಇಟ್ಟಿದ್ದೆ. ಎಲ್ಲ ಚೂರಿಗಳನ್ನೂ ಒಂದೇ ಅಳತೆಯಲ್ಲಿ ತೆಗೆಯಬೇಕೆಂದು ಚಿದಾನಂದಪ್ಪ ಹೇಳಿದ್ದರಿಂದ ಹಿಂಗಾಜಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡಿದ್ದೆ. ಅಲಗು ಗೆರೆಗೆ ಸರಿಯಾಗಿ ಕೂತಿತು. ಹಿಡಿಕೆ ಕೂರಲಿಲ್ಲ. ಗೆರೆಗಿಂತ ಗಿಡ್ಡ, ಗೆರೆಗಿಂತ ಸಣ್ಣ.

ಕ್ಯಾಮರಾ ಹಿಂದೆ ಮುಂದೆ ಸರಿಸಿ ನೋಡಿದೆ. ಹಿಡಿಕೆ ಸರಿಯಾದರೆ ಅಲಗು ಕೆಟ್ಟಿತು. ಮುಸುಕಿನಿಂದ ಹೊರಬಂದಾಗ ಬೆವರಿನಲ್ಲಿ ತೊಯ್ದುಹೋಗಿದ್ದೆ.

“ಮರಿಬಸಪ್ಪ,” ಎಂದೆ ಮೆಲ್ಲಗೆ, “ಇದು ನಾನು ಪಟ ತೆಗೆದ ಚೂರಿ ಅಲ್ಲ.”

ಮರಿಬಸಪ್ಪ ಯಾರಿಗೂ ಕಾಣದ ಹಾಗೆ ಜನಿವಾರದಷ್ಟು ಸಣ್ಣ ದಾರವೊಂದನ್ನು ತೆಗೆದು ಹಿಡಿಕೆಯ ಸುತ್ತಳತೆ ತೆಗೆದುಕೊಂಡು ಗಂಟು ಹಾಕಿದ. ಚಿದಾನಂದಪ್ಪನದು ಸಲಿಕೆಯಂಥ ಕೈ. ಈ ಹಿಡಿಕೆ ಅವನ ಮುಷ್ಟಿಯಲ್ಲಿ ಮುಚ್ಚಿಹೋಗುತ್ತಿತ್ತು.

“ಹಂಗಾರ ನಿಂಬಿಹಣ್ಣು ಕೊಯ್ಯಾಕ ಒಯ್ದ ಚೂರಿ ಎಲ್ಲೈತಿ?” ಎಂದು ಕೇಳಿದೆ.

“ಯಾರೋ ಬಚ್ಚಿಟ್ಟಾರ,” ಎಂದು ದಾರ ಮಡಚಿಕೊಂಡು ಹೊರಗೆ ನಡೆದ.

*

ಶನಿವಾರ ಬಂಡಿ ಕಟ್ಟಿಕೊಂಡು ಕುರುಗೋಡು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಬಂಡೆಗಲ್ಲುಗಳ ಕಾವು ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಉಸ್ಮಾನಸಾಬನ ಕುಲುಮೆ ಊರಿನ ಅಂಚಿಗೆ. ತಿದಿ ಸೊರಗಿ ಬಿದ್ದಿತ್ತು, ಒಲೆಯ ಬೂದಿಯಲ್ಲಿ ಕೋಳಿಯೊಂದು ಕೆದಕುತ್ತಿತ್ತು.

ಒಳಗೆ ಕಾಲಿಟ್ಟವನು ಗೋಡೆಯ ಹಲಗೆ ನೋಡಿ ಅಲ್ಲೇ ನಿಂತೆ. ಹಲಗೆಯ ಉದ್ದಕ್ಕೂ ಒಣಗಿದ ಮಣ್ಣಿನ ಮುದ್ದೆಗಳು. ಪ್ರತಿಯೊಂದರ ಮೇಲೂ ಒಬ್ಬೊಬ್ಬರ ಬೆರಳು ಕಚ್ಚಿದ ಗುಳಿ. ಉಸ್ಮಾನಸಾಬ್ ಕೈಗೆ ಒಪ್ಪುವ ಚೂರಿ ಮಾಡುವ ಗುಟ್ಟು ಅದು. ಹಸಿ ಜೇಡಿಮಣ್ಣು ಕೊಟ್ಟು ಹಿಚುಕಿಸಿ, ಆ ಹಿಡಿತದ ಆಕಾರಕ್ಕೇ ಎಮ್ಮೆಕೊಂಬನ್ನು ಕೊರೆಯುತ್ತಿದ್ದ. ಅಲ್ಲಿ ಬದುಕಿದವರ ಮುಷ್ಟಿಯೂ ಇತ್ತು, ಸತ್ತವರ ಮುಷ್ಟಿಯೂ ಇತ್ತು. ಚಿದಾನಂದಪ್ಪನ ದೊಡ್ಡ ಮುದ್ದೆಯನ್ನು ನೋಡಿದ ಕೂಡಲೇ ಗುರುತಿಸಿದೆ. ಅವನ ಹೆಬ್ಬೆರಳಿನ ಉಂಗುರದ ಗೀರು ಕೂಡ ಮಣ್ಣಿನಲ್ಲಿ ಉಳಿದಿತ್ತು.

“ಬರ್ರಿ ಅಣ್ಣಾರ,” ಅಂದಳು ಮಾಸುಮಾಬಿ. ಕಣ್ಣು ಊದಿದ್ದವು. “ಏನರ ಸಿಕ್ತೇನ್ರಿ? ಸೋಮವಾರ ಬಂತು.”

ಮರಿಬಸಪ್ಪ ಕೂರಲಿಲ್ಲ. ಸೀದಾ ಹಲಗೆಯ ಹತ್ತಿರ ಹೋಗಿ, ದಾರದ ಗಂಟಿನಿಂದ ಒಂದೊಂದೇ ಮುದ್ದೆಯನ್ನು ಅಳೆಯತೊಡಗಿದ. ಮಾಸುಮಾಬಿ ಅವನ ಕೈಯನ್ನೇ ನೋಡುತ್ತಿದ್ದಳು. ಹಲಗೆಯ ಕೊನೆಗೆ, ಗೋಣಿಚೀಲದ ಮರೆಯಲ್ಲಿದ್ದ ಸಣ್ಣ ಮುದ್ದೆಗೆ ಅವನು ಕೈ ಹಾಕಿದಾಗ ಆಕೆ ಒಂದು ಹೆಜ್ಜೆ ಮುಂದಿಟ್ಟಳು.

ದಾರ ಸರಿಯಾಗಿ ಕೂತಿತು.

“ಇದು ಯಾರ ಕೈ, ಮಾಸುಮಾಬಿ?”

“ನಂದ್ರಿ.”

“ನಿನ್ನ ಕೈ ಕೊಡು.”

ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ತಂಗಿ, ನಿನ್ನ ಗಂಡ ಜೇಲಿನ್ಯಾಗ ಬಾಯಿಗೆ ಬೀಗ ಹಾಕ್ಯಾನ. ನೀನೂ ಹಾಕಿಕೊಂಡ್ರ ಸೋಮವಾರ ಆತನ ಕತಿ ಮುಗೀತು. ಯಾರ ಕೈ ಇದು?”

“ನಾ ಹೇಳಂಗಿಲ್ಲರಿ.”

“ಗಂಡನಕಿಂತ ದೊಡ್ಡದೇನೈತಿ ನಿನಗ?”

ಮಾಸುಮಾಬಿ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. “ಗಂಡನ ಮಾತು ಐತ್ರಿ,” ಅಂದಳು. “ಕುರಾನ್ ಮುಟ್ಟಿ ಮಾತು ಕೊಟ್ಟಾರ. ನಮ್ಮ ಮನಿ ಅನ್ನ ಉಂಡಾಕಿನ್ನ ಹಿಡಕೊಡಂಗಿಲ್ಲ ಅಂತ. ಜೇಲಿಗೆ ಹೋದಾಗ ಮತ್ತ ಅದನ್ನ ಹೇಳಿ ಕಳಿಸಿದ್ರು. ನಾ ಏನು ಮಾಡಲಿ, ನೀವs ಹೇಳ್ರಿ ಅಣ್ಣಾರ. ಆತನ್ನ ಉಳಿಸಿಕೊಂಡ್ರ ಆತನ ಮಾತು ಸಾಯತೈತಿ. ಮಾತು ಉಳಿಸಿದ್ರ ಆತ ಸಾಯತಾನ.”

ಮರಿಬಸಪ್ಪ ಮುದ್ದೆಯನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟ.

“ಆ ಸಂಕಟ ನಿನಗ ಬ್ಯಾಡ ಬಿಡು, ಮಾಸುಮಾ,” ಎಂದು ಒಳಗಿನ ಬಾಗಿಲಿನಿಂದ ಒಂದು ದನಿ ಬಂತು.

ಹೊಸ್ತಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತೆಳ್ಳಗಿನ ಮೈ, ಮಾಸಿದ ಸೀರೆ. ಹಣೆ ಬರಿದು, ಕೈ ಬರಿದು. ಆಕೆಯನ್ನು ನಾನು ಹಿಂದೊಮ್ಮೆ ಸಿರುಗುಪ್ಪದಲ್ಲಿ ಗಂಡನ ಪಕ್ಕ ಕೂರಿಸಿ ಪಟ ತೆಗೆದಿದ್ದೆ. ಅಲ್ಲಿದ್ದ ಕೊರಡಿನ ಮೇಲೆ ಕೂತುಬಿಟ್ಟೆ.

“ಹೆದರಬ್ಯಾಡ್ರಿ ಸ್ವಾಮಿ,” ಅಂದಳು ವೀರಭದ್ರಮ್ಮ. “ನೆಳ್ಳು ಬೀಳತೈತಿ ನೋಡ್ರಿ ನಂದು.”

ನಾನು ನೆಲ ನೋಡಿದೆ. ಬೀಳುತ್ತಿತ್ತು.

ಆಕೆ ಮರಿಬಸಪ್ಪನ ಎದುರು ಎರಡೂ ಅಂಗೈ ಚಾಚಿದಳು. ಅಂಗೈ ತುಂಬ ಅಡ್ಡಡ್ಡ ಗೀರುಗಳು, ಒಂದರ ಮೇಲೊಂದು ಮಾಗಿದ್ದವು. “ಹೊಸ ಚೂರಿ ಬಂದಾಗೆಲ್ಲ ನಿಂಬಿಹಣ್ಣು ಕೊಯ್ಯಬೇಕಲ್ಲ. ನಮ್ಮ ಮನ್ಯಾರು ಅದನ್ನ ನನ್ನ ಅಂಗೈಯಾಗ ಇಟ್ಟು ಕೊಯ್ಯತಿದ್ರು. ಅಲುಗಾಡಿದ್ರ ಇನ್ನೊಂದು ಹಣ್ಣು. ಎಷ್ಟು ದಿನ ತಡೀಲಿ? ಒಂದಿನ ಹೊಳಿಗೆ ಬಿದ್ದೆ. ಹೊಳಿ ನನ್ನ ಒಲ್ಲೆ ಅಂತು. ಉಸ್ಮಾನಣ್ಣ ಎತ್ತಿಕೊಂಡು ಬಂದ.”

“ಚೂರಿ?”

“ನಾನs ಮಾಡಿಸಿಕೊಂಡೆ. ಅವರು ಹುಡುಕಿಕೊಂಡು ಬಂದ್ರ ಬೇಕಲ್ಲ. ಅವರ ಹೊಸ ಚೂರೀಗೆ ತಂದಿದ್ದ ಉಕ್ಕಿನ್ಯಾಗs ಅಂಥಾದೇ ಒಂದು ಮಾಡಿಕೊಟ್ಟ, ನನ್ನ ಕೈಗೆ ತಕ್ಕಂಗ.”

“ಅದರಿಂದಲೇ ಚಿದಾನಂದಪ್ಪ ಸತ್ತಾನ, ತಾಯಿ,” ಎಂದ ಮರಿಬಸಪ್ಪ. “ಪೊಲೀಸರ ಹತ್ರ ಇರೋದು ನಿನ್ನ ಚೂರಿ.”

ವೀರಭದ್ರಮ್ಮ ಗೋಡೆ ಹಿಡಿದಳು. ಆ ಮುಖದಲ್ಲಿ ಬಂದದ್ದು ಸಿಕ್ಕಿಬಿದ್ದವಳ ಭಯವಲ್ಲ. ಈಗ ತಾನೇ ಸಾವಿನ ಸುದ್ದಿ ಕೇಳಿದವಳ ಹಾಗಿದ್ದಳು.

“ಅದಕ್ಕs,” ಅಂದಳು ಮೆಲ್ಲಗೆ. “ಅದಕ್ಕs ಉಸ್ಮಾನಣ್ಣ ಬಾಯಿ ಬಿಡವಲ್ಲ. ಚೂರಿ ನೋಡಿ ನಾನs ಕೊಂದೀನಿ ಅಂತ ತಿಳಕೊಂಡಾನ. ನನ್ನ ಸಲುವಾಗಿ ಸಾಯಾಕ ಹೊಂಟಾನ.”

ಮಾಸುಮಾಬಿ ಅಲ್ಲೇ ನೆಲಕ್ಕೆ ಕುಸಿದಳು.

“ನೀ ಕೊಂದಿಲ್ಲೇನು?” ಮರಿಬಸಪ್ಪ ನನಗೆ ಸನ್ನೆ ಮಾಡಿದ. ನಾನು ಕಪ್ಪು ಬಟ್ಟೆ ಬಿಚ್ಚಿ ಕಾಗದ ಕೊಟ್ಟೆ. “ಆವತ್ತು ಕಿಂಡ್ಯಾಗ ನಿಂತಾಕಿ ಈಕಿ. ನಿನ್ನ ನಾದಿನಿ ಗುರುತು ಹಿಡಿದಾಳ. ಮುಖಕ್ಕ ಅರಿಶಿಣ ಹಚ್ಚಿದ ಮುತ್ತೈದಿ.”

ವೀರಭದ್ರಮ್ಮ ಕಾಗದ ಇಸಿದುಕೊಂಡು, ಕತ್ತಲಲ್ಲಿ ಕಾಣದೆ, ಬಾಗಿಲ ಬಿಸಿಲಿಗೆ ಹಿಡಿದಳು.

“ಬ್ಯಾಡ್ರಿ,” ಎಂದು ನಾನು ಎದ್ದು ಓಡಿದೆ. ತಡವಾಗಿತ್ತು. ಅಲಗಿನ ಬಿಳಿಯೆಲ್ಲ ಕಂದಾಗಿ, ಕಂದು ನೇರಳೆಯಾಗಿ, ನೋಡುನೋಡುತ್ತಿದ್ದ ಹಾಗೇ ಚೂರಿಯೂ ಮುಖವೂ ಒಂದಾದವು. ಕಣ್ಣೆರಡು ಕೊನೆಯ ತನಕ ಉಳಿದು, ಆಮೇಲೆ ಅವೂ ಹೋದವು.

ಆಕೆಗೆ ಅದರ ಪರಿವೆಯೇ ಇರಲಿಲ್ಲ. “ಇದು ನಾನಲ್ಲ,” ಅಂದಳು. “ಹೊಳಿಗೆ ಬಿದ್ದ ದಿನದಿಂದ ನಾ ಅರಿಶಿಣ ಮುಟ್ಟಿಲ್ಲರಿ. ಮುಟ್ಟಿದ್ರ ಆತನ ಹೆಸರಿನ್ಯಾಗ ಮುಟ್ಟಬೇಕಿತ್ತು. ಮಾಸುಮಾನ್ನ ಕೇಳ್ರಿ.”

ಮಾಸುಮಾಬಿ ಹೌದೆಂದು ತಲೆಯಾಡಿಸಿದಳು.

“ಮತ್ತ ನಿನ್ನ ಚೂರಿ ಅಲ್ಲಿಗೆ ಹೆಂಗ ಹೋತು?”

“ಶಿವಬಸಮ್ಮಗ ಕೊಟ್ಟೆ. ಹೋದ ತಿಂಗಳು ಬಂದಿದ್ಲು. ನಾ ಬದುಕೀನಿ ಅಂತ ಈ ಮನಿಯಾರನ್ನ ಬಿಟ್ರ ಆಕಿಗೊಬ್ಬಾಕಿಗೇ ಗೊತ್ತು. ನಿಂಬಿಹಣ್ಣು ಈಗ ಆಕಿ ಅಂಗೈಗೆ ಬಂದೈತಿ ಅಂತ ಅತ್ಲು. ನೆಲಕ್ಕ ಇಡೋದನ್ನೂ ಮರತು, ಕೈಯಿಂದ ಕೈಗೇ ಕೊಟ್ಟುಬಿಟ್ಟೆ.”

ಬದುಕಿದ್ದಾಳೆಂದು ಗೊತ್ತಿದ್ದವಳು ನನ್ನ ಮುಂದೆ ನಿಂತು ಮಣ್ಣು ಕಾಣದ ಜೀವ ಎಂದಿದ್ದಳು.

“ಆದ್ರ ಅರಿಶಿಣ?” ಎಂದೆ. “ಆಕಿ ವಿಧವೆ. ಆಕಿ ಮಾರಿಗೆ ಅರಿಶಿಣ ಎಲ್ಲಿಂದ ಬರಬೇಕು?”

ಮರಿಬಸಪ್ಪ ಕಪ್ಪಾದ ಕಾಗದವನ್ನು ತಿರುವಿ ಹಿಡಿದಿದ್ದ. ಹಿಂಬದಿಯಲ್ಲಿ ಹಳದಿ ಬೆರಳಚ್ಚು ಹಾಗೇ ಇತ್ತು.

“ಇದೇನಿದು?”

“ನನ್ನ ಕೈಯಿಂದು. ಔಷಧಿ ಕಲೆ.”

“ಈ ಕಾಗದ ಇನ್ಯಾರು ಹಿಡಿದಿದ್ರು?”

ಆಗ ನೆನಪಾಯಿತು. ಪರದೆ ಇಳಿಬಿಟ್ಟ ಕೋಣೆ, ಒಲೆಯಂಥ ಸೆಕೆ, ಸೆರಗಿನೊಳಗೆ ಹೋಗಿ ಕೊರಳು ಒರೆಸಿಕೊಂಡು ಬಂದ ಕೈ.

ಮರಿಬಸಪ್ಪ ಸೊಂಟದ ಡಬ್ಬಿ ತೆಗೆದ. ಕಿರುಬೆರಳಿನ ತುದಿಗೆ ಸುಣ್ಣ ತೆಗೆದುಕೊಂಡು, ಉಗುಳು ಹಚ್ಚಿ, ಹಳದಿ ಗುರುತಿನ ಮೇಲೆ ಉಜ್ಜಿದ. ಔಷಧಿಯ ಕಲೆಯಾಗಿದ್ದರೆ ಹಳದಿಯಾಗಿಯೇ ಉಳಿಯುತ್ತಿತ್ತು. ಅರಿಶಿಣಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂದು ಆರತಿ ತಟ್ಟೆ ಕಂಡ ಪ್ರತಿ ಮನೆಗೂ ಗೊತ್ತು.

ಬೆರಳಚ್ಚು ಕೆಂಪಗಾಯಿತು.

ಕೋಳಿ ಬೂದಿ ಕೆದಕುವ ಸದ್ದು ಕೇಳುತ್ತಿತ್ತು.

“ಕೊರಳಾಗ,” ಎಂದ ಮರಿಬಸಪ್ಪ. “ಬೆವತ್ರ ಬಣ್ಣ ಬಿಡೋವಂಥಾ ಹೊಸ ಅರಿಶಿಣದ ದಾರ. ಸೆರಗಿನ ಒಳಗ ತಾಳಿ ಕಟ್ಟಿಕೊಂಡಾಳ. ಆವತ್ತು ಮದಲಗಿತ್ತಿ ಅರಿಶಿಣ ಮಾರಿಮ್ಯಾಲೆ ಇರೋವಾಗs ಅಣ್ಣನ ಕಣ್ಣಿಗೆ ಬಿದ್ದಾಳ, ಅತ್ತಿಗಿ ಚೂರೀಲೆ ಆತನ್ನ ಮುಗಿಸಿ ಆತನ ಚೂರಿ ಬಚ್ಚಿಟ್ಟಾಳ. ಕಟ್ಟಿದವ ಯಾರು, ಅದು ಆಮ್ಯಾಲೆ ನೋಡೋಣ.”

ವೀರಭದ್ರಮ್ಮ ಮುಖ ಮುಚ್ಚಿಕೊಂಡಳು. ಮಾಸುಮಾಬಿ ಮಾತ್ರ ಎದ್ದು ನಿಂತಿದ್ದಳು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಜೀವ ಬಂದಿತ್ತು.

“ಹಂಗಾರ ನಮ್ಮವರು ಬದುಕತಾರಲ್ರಿ ಅಣ್ಣಾರ? ಮಾತೂ ಉಳೀತು, ಅವರೂ ಉಳದ್ರು. ಕಾಗದ ಹೋದ್ರ ಹೋಗಲಿ. ಅದರ ಗಾಜು ಐತಲ್ಲ? ಅದನ್ನ ಕೋರ್ಟಿನ್ಯಾಗ ತೋರಿಸಿದ್ರ ಸಾಕಲ್ಲ? ಎಲ್ಲೈತ್ರಿ ಸ್ವಾಮಿ ಆ ಗಾಜು?”

ಮರಿಬಸಪ್ಪ ನನ್ನ ಕಡೆ ನೋಡಲಿಲ್ಲ. ಅದೇ ನನಗೆ ಬೈಗುಳಕ್ಕಿಂತ ಹೆಚ್ಚಾಯಿತು.

ನಾಳೆ ಬೆಳಗಾದರೆ ಅಮಾವಾಸ್ಯೆ. ದೆವ್ವವಲ್ಲವೆಂದು ಗೊತ್ತಿದ್ದವಳು ಅಲ್ಲಿಯ ತನಕವಾದರೂ ಯಾಕೆ ಕಾಯುತ್ತಾಳೆ? ಕುರುಗೋಡಿನಿಂದ ಸಿರುಗುಪ್ಪದ ಹೊಳೆಗೆ ರಾತ್ರಿಯಿಡೀ ಬಂಡಿ ಹೊಡೆದರೂ ದಾರಿ ಮುಗಿಯದು. ಉಸ್ಮಾನಸಾಬನ ಪ್ರಾಣ ಇದ್ದದ್ದು ಅಂಗೈಯಗಲದ ಆ ಗಾಜಿನಲ್ಲಿ. ಅದನ್ನು ಹತ್ತಿಯಲ್ಲಿಟ್ಟು, ಬಟ್ಟೆ ಸುತ್ತಿ, ಒಡೆಯದ ಹಾಗೆ ಜೋಪಾನ ಎಂದು ಹೇಳಿ, ಕೈಯಿಂದ ಕೈಗೆ ಕೊಟ್ಟವನು ನಾನೇ.